"ಬಿಡೇ" ಎಂದವಳು ನಾನು

ಮಾನ್ಯ ಕೋಚ್ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ದೇಶಕ್ಕೆ ಸೊಸೆಯಾಗಿ ಬಂದ ನನ್ನ ಅಕ್ಕ, ಮೊನ್ನೆಯ ಲೀಗ್ ಪಂದ್ಯದಲ್ಲಿ ನನ್ನ ಗೋಲಿನ ಮುಂದೆ ಚೆಂಡು ಬಿಟ್ಟು ನಿಂತಳು. ತವರಿನ ಮುಲಾಜಿಗೆ ನಿಂತಳೆಂದು ಅವಳನ್ನು ನಾಳಿನ ಫೈನಲ್‌ನಿಂದ ಕೈಬಿಡುತ್ತೀರಂತೆ.

"ಬಿಡೇ!" ಎಂದು ನಾನು ಕೂಗಿದ್ದು ನಮ್ಮ ಡಿಫೆಂಡರ್‌ಗೆ, ಚೆಂಡು ನನಗೆ ಬಿಡಲೆಂದು. ಚಿಕ್ಕಂದಿನಲ್ಲಿ ನಮ್ಮ ಚೆಂಡು ಲಾರಿ ಓಡಾಡುವ ರಸ್ತೆಗೆ ಉರುಳಿದರೆ ಅಮ್ಮ ಹಾಗೆಯೇ ಕೂಗುತ್ತಿದ್ದಳು. ನನ್ನದೂ ಅಮ್ಮನದೇ ಗಂಟಲು. ಅಕ್ಕನ ಕಾಲು ತಾನಾಗಿ ನಿಂತಿತು, ಮೇಡಂ. ಅದರಲ್ಲಿ ಮೋಸವಿಲ್ಲ.

ಈ ಪತ್ರ ನಮ್ಮ ಕೋಚ್ ಕೈಗೆ ಸಿಕ್ಕರೆ ನನ್ನ ಕಥೆ ಮುಗಿಯಿತು, ಓದಿ ಹರಿದುಬಿಡಿ.

ದಯವಿಟ್ಟು ಅವಳನ್ನು ಆಡಿಸಿ. ನಾಳೆ ನಾನು "ನಂದು!" ಎಂದು ಕೂಗುತ್ತೇನೆ. ನಾನು ಹುಟ್ಟಿದಾಗಿನಿಂದ ಆ ಮಾತಿಗೆ ಅವಳು ಒಮ್ಮೆಯೂ ನಿಂತವಳಲ್ಲ.

ಇಂತಿ,
ನಿಮ್ಮ ಎದುರಾಳಿ ಗೋಲ್‌ಕೀಪರ್