ಗೇಣುದ್ದ ಹೊರಗೆ ನಿಂತ ಕೋಲು

ಅಪ್ಪಾ,

ಇವತ್ತು ಹೊಸ ಬಂದೂಕನ್ನು ಹೆಗಲಿಗೆ ಕೊಡದೆ, ಲಾರಿಯ ಹಳೇ ಟೈರಿಗೆ ಬಿಗಿದು, ಗೋಡೆಯ ಹಿಂದೆ ನಿಂತು ಹಗ್ಗ ಎಳೆದು ಹಾರಿಸಿದೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿ. ಬೈಯಲು ಇದಕ್ಕಿಂತ ದೊಡ್ಡ ಕಾರಣ ಮುಂದಿದೆ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ನಿನಗೆ ವಡೋದರಾಕ್ಕೆ ವರ್ಗವಾದಾಗ ನಾನಿನ್ನೂ ಮೂರನೇ ಕ್ಲಾಸು. ರಿಟೈರ್ ಆದ ಮೇಲೆ ಮನೆಯಲ್ಲಿ ಕೂರಲಾರದೆ ನೀನು ಲೈಸೆನ್ಸ್ ಇದ್ದ ಬಂದೂಕಿನ ಕಾರ್ಖಾನೆ ಸೇರಿದೆ, ನನ್ನನ್ನೂ ಅಲ್ಲಿಗೆ ಎಳೆದುಕೊಂಡೆ. ನಳಿಗೆಯ ಬಾಯಿಯಿಂದ ಮದ್ದು, ಗುಂಡು ಹಾಕಿ ಕೋಲಿನಿಂದ ಜಡಿಯುವ ಹಳೇ ಬಗೆಯ ಬಂದೂಕುಗಳು. ಹೊಸದು ತಯಾರಾದಾಗಲೆಲ್ಲ ಮೊದಲ ಗುಂಡು ನಿನ್ನ ಹೆಗಲಿನಿಂದಲೇ ಹಾರಬೇಕು. ಟೈರು, ಹಗ್ಗ ಎಂದರೆ ನಿನಗೆ ಸಿಟ್ಟು. "ನಾ ಮಾಡಿದ್ದಕ್ಕ ನಾನ ಗಲ್ಲ ಹಚ್ಚಲಿಲ್ಲಂದ್ರ, ಕೊಂಡವ ಹ್ಯಾಂಗ ಹಚ್ಯಾನು?" ಅನ್ನುತ್ತಿದ್ದೆ. ಆ ಜಂಬ ನನಗೆ ಎಷ್ಟು ಚೆಂದ ಕಾಣುತ್ತಿತ್ತು ಗೊತ್ತಾ?

ಆ ದಿನ ನಳಿಗೆ ಒಡೆದಾಗ ಮೊದಲು ಬಿದ್ದದ್ದು ನಿನ್ನ ಟೊಪ್ಪಿಗೆ, ಆಮೇಲೆ ನೀನು. ಎಡಗೈಯ ಎರಡು ಬೆರಳು ಬೇವಿನ ಬುಡದಲ್ಲಿದ್ದವು. ಗಂಟಲಿಗೆ ಕಬ್ಬಿಣದ ಚೂರು ಹೊಕ್ಕಿತ್ತು. ಅಂಗಿ ಬಿಚ್ಚಿ ಒತ್ತಿ ಹಿಡಿದರೂ ರಕ್ತ ನನ್ನ ಬೆರಳುಗಳ ಸಂದಿನಿಂದ ಬರುತ್ತಲೇ ಇತ್ತು. ನೀನು ನನ್ನನ್ನೇ ನೋಡುತ್ತ ಏನೋ ಹೇಳಹೊರಟೆ. ಏನಪ್ಪಾ ಅದು? ಕೋಲು ಅಂತಲಾ? ಅಥವಾ...

ನಿನ್ನ ದಿನಕರ್ಮ ಮುಗಿದ ಮರುದಿನವೇ ನಾನು ಅಹಮದಾಬಾದಿನ ರೈಲು ಹತ್ತಿದೆ. ಆ ನಳಿಗೆಗೆ ಕಬ್ಬಿಣ ತಂದು ತೂತು ಕೊರೆದುಕೊಟ್ಟವನು ಅಲ್ಲಿನ ವಟ್ವಾದ ಜಯಂತಿಭಾಯಿ, ರೈಲ್ವೆ ಕಾಲದಿಂದ ನಿನ್ನ ಜೊತೆ ಇಪ್ಪತ್ತು ವರ್ಷ ಚಹಾ ಕುಡಿದವನು. ಕೆಟ್ಟ ಕಬ್ಬಿಣ ಕೊಟ್ಟು ನನ್ನಪ್ಪನನ್ನು ಕೊಂದೆ ಎಂದು ಕೂಗಿ, ಅವನ ಲೇಥಿನ ಪಕ್ಕದಲ್ಲಿದ್ದ ಸಲಾಕೆಯಿಂದಲೇ ಅವನಿಗೆ ಹೊಡೆದೆ. ತಲೆಗೆ ಅಡ್ಡ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. ಮುರಿದ ಸದ್ದು ಕೇಳಿಸಿತು, ಆದರೂ ಮತ್ತೆ ಹೊಡೆದೆ. ನೆಲಕ್ಕೆ ಬಿದ್ದವನು ಒಂದೇ ಮಾತು ಹೇಳಿದ: "ಲೋಖಂಡ್ ಸಾರುಂ ಹತುಂ, ಭಾಯ್." ಕಬ್ಬಿಣ ಚೆನ್ನಾಗಿಯೇ ಇತ್ತು ಅಂತ. ಆಸ್ಪತ್ರೆಯಲ್ಲಿ ಕೈ ಲೇಥಿಗೆ ಸಿಕ್ಕಿತೆಂದು ಬರೆಸಿದನಂತೆ, ನಿನ್ನ ಮುಖ ನೋಡಿಕೊಂಡು. ಕೈ ಸೊಟ್ಟಗೆ ಕೂಡಿಕೊಂಡಿದೆ. ಇನ್ನು ಅವನು ಲೇಥಿನ ಹಿಡಿ ತಿರುಗಿಸಲಾರ.

ಎರಡು ವರ್ಷದಿಂದ ನುಂಗಿಕೊಂಡಿದ್ದನ್ನು ಈಗ ಹೇಳುತ್ತೇನೆ. ಆ ಬೆಳಿಗ್ಗೆ ನೀನು ಬಂದೂಕು ತುಂಬಿಟ್ಟು, ಅವ್ವನ ಫೋನ್ ಬಂತೆಂದು ಒಳಗೆ ಹೋಗಿದ್ದೆ. ಖಾಲಿ ಇದೆ ಎಂದುಕೊಂಡು ನಾನು ಇನ್ನೊಂದು ಸಲ ಮದ್ದು ಸುರಿದು ಗುಂಡು ಹಾಕಿದೆ. ಎಷ್ಟು ಸಲ ಹೇಳಿಕೊಟ್ಟಿದ್ದೆ ನೀನು? "ನಳಿಗಿ ಒಳಗ ಏನೈತಿ ಅಂತ ಕಣ್ಣಿಗೆ ಕಾಣಂಗಿಲ್ಲ. ಕೋಲಿನ ಗುರುತು ನೋಡಪಾ." ಒಂದು ಸಲದ ಮದ್ದುಗುಂಡು ತಳಕ್ಕೆ ಕೂತರೆ ಕೋಲಿನ ಮೇಲಿನ ಆ ಗುರುತು ನಳಿಗೆಯ ಬಾಯಿಗೆ ಸಮ ನಿಲ್ಲಬೇಕು. ನಾನು ತುಂಬುವ ಮೊದಲು ಕೋಲು ಇಳಿಸಿ ನೋಡಲಿಲ್ಲ. ಜಡಿಯುವಾಗ ಗುಂಡು ನಡುವೆ ಸಿಕ್ಕಿಕೊಂಡಿತು, ಗುರುತು ಬಾಯಿಯಿಂದ ಗೇಣುದ್ದ ಮೇಲೆಯೇ ನಿಂತಿತು. ಅದನ್ನು ನೋಡಿದೆ ಅಪ್ಪಾ. ನೋಡಿಯೂ, ಇರಲಿ ಬಿಡು ಎಂದು ಕೋಲು ಹೊರತೆಗೆದೆ. ನೀನು ಬಂದು, ನಾನು ತುಂಬಿದ್ದು ಗೊತ್ತಿಲ್ಲದೆ, ನೇರ ಗಲ್ಲಕ್ಕೆ ಹಚ್ಚಿದೆ.

ಅದೇ ಕಂಬಿಯಿಂದ ಜಯಂತಿಭಾಯಿ ಅದೇ ದಿನ ಕೊರೆದ ಇನ್ನೊಂದು ನಳಿಗೆ ಉಳಿದಿತ್ತಲ್ಲ, ಅದಕ್ಕೆ ಮರ ಕೂಡಿಸಿ ಬಂದೂಕು ಮುಗಿಸಿದೆ. ಇವತ್ತು ಅದನ್ನೇ ಟೈರಿಗೆ ಕಟ್ಟಿದ್ದು. ಎಲ್ಲರನ್ನೂ ಆಚೆ ಕಳಿಸಿ ಮೊದಲು ಒಂದು ಈಡು ಹಾರಿಸಿದೆ. ಏನೂ ಆಗಲಿಲ್ಲ. ಆಮೇಲೆ ಎರಡರಷ್ಟು ತುಂಬಿ, ತಳದವರೆಗೂ ಜಡಿದು ಹಗ್ಗ ಎಳೆದೆ. ಒಡೆಯಲಿ ಎಂದು ಬೇಡಿಕೊಂಡೆ. ಒಡೆದರೆ ಕಬ್ಬಿಣದ್ದೇ ತಪ್ಪು, ನಾನು ಪಾರು. ನಳಿಗೆಯಲ್ಲಿ ಒಂದು ಗೀರೂ ಬೀಳಲಿಲ್ಲ.

ಮೂರನೇ ಸಲ ಆ ದಿನ ತುಂಬಿದ ಹಾಗೆಯೇ ತುಂಬಿದೆ. ಮೇಲಿನ ಗುಂಡು ನಡುವೆಯೇ, ಅದರ ಕೆಳಗೆ ಖಾಲಿ ಜಾಗ, ಕೋಲಿನ ಗುರುತು ಗೇಣುದ್ದ ಹೊರಗೆ. ಹಗ್ಗ ಎಳೆದೆ. ಟೈರು ಹರಿಯಿತು, ನನ್ನ ಎದೆಯ ಮಟ್ಟಕ್ಕೆ ಗೋಡೆಯ ಆಚೆ ಮಗ್ಗುಲಲ್ಲಿ ಚೂರು ನಾಟಿತು. ಹೋಗಿ ನೋಡಿದರೆ ನಳಿಗೆ ಬಾಯಿಬಿಟ್ಟದ್ದು ನಿನ್ನ ಎಡಗೈ ಇರುತ್ತಿದ್ದ ಜಾಗದಲ್ಲೇ.

ನಾಳೆ ಬೆಳಗಿನ ರೈಲಿಗೆ ವಟ್ವಾಕ್ಕೆ ಹೊರಡುತ್ತೇನೆ. ಒಡೆದ ನಳಿಗೆ, ನಿನ್ನ ಕೋಲು ಎರಡನ್ನೂ ಜಯಂತಿಭಾಯಿಯ ಮುಂದಿಟ್ಟು ಇದಿಷ್ಟನ್ನೂ ಹೇಳುತ್ತೇನೆ. ಪೊಲೀಸರನ್ನು ಕರೆದರೆ ಹೋಗುತ್ತೇನೆ. ಸಲಾಕೆ ಎತ್ತಿದರೆ ಕೈ ಅಡ್ಡ ಹಿಡಿಯುವುದಿಲ್ಲ. ವಾಪಸ್ ಬಂದ ಮೇಲೆ ಅವ್ವನಿಗೆ ಹೇಳಬೇಕು. ಅವಳು ಇವತ್ತಿಗೂ ಆ ಹೊತ್ತಿನಲ್ಲಿ ಫೋನ್ ಮಾಡಿದ್ದೇ ತನ್ನ ತಪ್ಪು ಎಂದು ಅಳುತ್ತಾಳೆ.

ನಿನ್ನ
ಬಸು