ಕ್ಲೆಪೊನ್‌ಗೆ ಬಾಮ್ ಹಚ್ಚಬೇಡಿ

ಅಜ್ಜೀ,

ನೀವು ನಮಾಜಿಗೆ ಕೂತಿದ್ರಿ, ಅದಕ್ಕೇ ಹೇಳದೆ ಹೊರಟೆ. ಅನ್ನ, ಸೋಯಾಕಾಳಿನ ತೆಂಪೆ ಮುಚ್ಚಿಟ್ಟಿದ್ದೀನಿ. ಸಾಂಬಾಲ್ ಚಟ್ನಿ ಜಾಸ್ತಿ ಹಾಕ್ಕೋಬೇಡಿ, ಆಮೇಲೆ ಹೊಟ್ಟೆ ಉರಿ ಅಂತ ನನ್ನನ್ನೇ ಬೈತೀರಿ.

ಕ್ಲೆಪೊನ್ ಹಗಲೆಲ್ಲ ಮಲಗಿರುತ್ತೆ. ಸತ್ತೋಯ್ತು ಅಂತ ಫೋನ್ ಮಾಡಬೇಡಿ, ಈ ಪುಟ್ಟ ಮುಳ್ಳುಹಂದಿಗಳ ಅಭ್ಯಾಸವೇ ಹಾಗೆ. ಬಾಯಲ್ಲಿ ನೊರೆ ಬಂದ್ರೂ ಅದು ಕಾಯಿಲೆಯಲ್ಲ. ಘಾಟು ವಾಸನೆ ಸಿಕ್ಕರೆ ನೆಕ್ಕಿ, ನೊರೆ ಮಾಡಿ, ಬೆನ್ನಿಗೆ ಮೆತ್ಕೊಳ್ಳುತ್ತೆ. ನೀವು ಬಾಮ್ ಹಚ್ಚಿದಷ್ಟೂ ನೊರೆ. ನೊರೆ ನೋಡಿ ‘ಪಾಪ, ಮೈಗೆ ಗಾಳಿ ಹೊಕ್ಕಿದೆ’ ಅಂತ ಮತ್ತೆ ಬಾಮ್! ಶೀತ ಆದಾಗ ನನ್ನ ಬೆನ್ನಿಗೆ ಮಾಡೋ ಹಾಗೆ, ಗಾಳಿ ಬಿಡಿಸ್ತೀನಿ ಅಂತ ಅದಕ್ಕೂ ನಾಣ್ಯದಲ್ಲಿ ಕೆರೆಯೋಕೆ ಹೋಗಿಲ್ಲ ತಾನೇ?

‘ಈ ಮುಳ್ಳಿನುಂಡೆ ಮನೇಲಿದ್ರೆ ನಾನಿರಲ್ಲ’ ಅಂದ್ರಲ್ಲ, ಅದಕ್ಕೇ ಬ್ಲಿಟಾರ್ ಊರಿನ ತುಕಿರನ್ ಅವರಿಗೆ ಇದನ್ನ ಸಾಕೋಕೆ ಕೊಡೋದು ಅಂತ ಮಾತಾಗಿತ್ತು. ಇವತ್ತು ಸಂಜೆ ಬರ್ತಾರೆ.

ಆದರೆ ನಿನ್ನೆ ಉಗುರು ಕತ್ತರಿಸೋಕೆ ಹೋದ್ರೆ ಅದು ಮುದುಡಿಕೊಂಡು ಬುಸುಗುಟ್ತು. ಎಷ್ಟು ಪುಸಲಾಯಿಸಿದ್ರೂ ಬಿಚ್ಚಲಿಲ್ಲ. ನಂಗೆ ಅನುಮಾನ ಬಂತು. ದಿನಾ ನಿಮ್ಮ ಕೈಯಲ್ಲಿ ಘಮಗುಡೋ ಆ ಬಾಮ್ ಒಂಚೂರು ನನ್ನ ಅಂಗೈಗೆ ಉಜ್ಕೊಂಡು ಮುಂದೆ ಹಿಡಿದೆ. ಮುಳ್ಳೆಲ್ಲ ಇಳಿಸಿ, ಅಂಗೈ ಮೇಲೆ ಹತ್ತಿ ಮಲಗೇಬಿಡ್ತು.

ನಾನಿಲ್ಲದಾಗ ಅದನ್ನ ಮಡಿಲಲ್ಲಿ ಮಲಗಿಸಿಕೊಳ್ಳೋರು ಯಾರು ಅಜ್ಜೀ?

ತುಕಿರನ್ ಬಂದಾಗ ಚಹಾ, ಕರಿದ ಬಾಳೆಹಣ್ಣು ಕೊಡಿ. ಆಮೇಲೆ ಏನು ಹೇಳಿ ಕಳಿಸ್ತೀರೋ ನಿಮಗೇ ಬಿಟ್ಟಿದ್ದು.

ನಾನು ಬರ್ತಾ ಕ್ಲೆಪೊನ್‌ಗೆ ಹುಳ ತರ್ತೀನಿ. ದೊಡ್ಡ ಡಬ್ಬಿ.

ನಿಂಗ್ರುಮ್