ಮೇಲಿನ ತಂತಿಗೆ ಹದಿನೆಂಟು

ಕರ್ಲ್ಯೂ ಬೇ
ಮಂಗಳವಾರ, ಜುಲೈ ೧೧

ಪ್ರೀತಿಯ ಅಪ್ಪಾ,

ಗಂಟಲು ಹೇಗಿದೆ? ಉಗುಳು ನುಂಗಿದರೂ ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗಾಗುತ್ತದೆ ಎಂದು ಹೋದ ವಾರದ ಕಾರ್ಡಿನಲ್ಲಿ ಬರೆದಿದ್ದೆಯಲ್ಲ, ಈಗ ಏನಾದರೂ ಕಡಿಮೆಯಾಗಿದೆಯೇ? ಈ ಜುಲೈ ಚಳಿಯಲ್ಲೂ ಆಸ್ಪತ್ರೆಯ ವಸತಿಗೃಹದಲ್ಲಿ ಹೀಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅಮ್ಮ ಹೇಳಿದಳು. ನೀಲಿ ಸ್ವೆಟರ್ ಪೆಟ್ಟಿಗೆಯ ತಳದಲ್ಲಿದೆ, ಹಾಕಿಕೋ. ಆರು ವಾರ ಬಾಯಿ ತೆರೆಯಬಾರದು ಎಂದು ಡಾಕ್ಟರು ನಿನಗೆ ಹೇಳಿದ್ದು ಅಮ್ಮನಿಗೆ ಹಬ್ಬವಾಗಿದೆ. "ಐವತ್ತು ವರ್ಷದಲ್ಲಿ ಮೊದಲನೇ ಸಲ ನಾನಾಡೋ ಮಾತು ನನಗೇ ಕೇಳಿಸ್ತಿದೆ ಕಣೇ" ಎಂದು ಫೋನಿನಲ್ಲಿ ನಕ್ಕಳು. ಆದರೂ ನಿನ್ನ ಕೂಗಿಲ್ಲದ ಶನಿವಾರ ಅವಳಿಗೂ ರುಚಿಸುತ್ತಿಲ್ಲ, ಬಾಯಿಬಿಟ್ಟು ಹೇಳುವವಳಲ್ಲ ಅಷ್ಟೇ.

ಒಳ್ಳೆಯ ಸುದ್ದಿಗೆ ಫೋನು, ಕೆಟ್ಟ ಸುದ್ದಿಗೆ ಕಾಗದ ಎಂಬುದು ನೀನೇ ಮಾಡಿದ ನಿಯಮ. ಆದ್ದರಿಂದ ಲಕೋಟೆ ನೋಡಿದಾಗಲೇ ನಿನಗೆ ಅರ್ಧ ಗೊತ್ತಾಗಿರುತ್ತದೆ. ಮನೆಯಲ್ಲಿ ಎಲ್ಲ ಕ್ಷೇಮ. ನಾಯಿ ನಿನ್ನ ಬೂಟಿನ ಮೇಲೇ ಮಲಗುತ್ತದೆ, ಬಾರ್ಲಿ ಗೇಣುದ್ದ ಬಂದಿದೆ. ಕಾರ್ಡಿನ ಮೂಲೆಯಲ್ಲಿ ನೀನು ಒಂದು ಪ್ರಶ್ನೆ ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಸಿಟ್ಟು ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಅಕ್ಷರ ನೆಟ್ಟಗೆ ನಿಲ್ಲುವುದಿಲ್ಲ.

ನಿನ್ನೆ ಬೆಳಿಗ್ಗೆ ಶಾಲೆಗೆ ಹೋಗುವಾಗ ನೊಯೆಲೀನಳ ಬೇಕರಿಗೆ ಹೋಗಿದ್ದೆ. ಗಾಜಿನ ಬಾಗಿಲಿಗೆ, ಕಳೆದುಹೋದ ಬೆಕ್ಕಿನ ಚಿತ್ರಕ್ಕೂ ಮಾರಾಟಕ್ಕಿರುವ ದೋಣಿಯ ಚಿತ್ರಕ್ಕೂ ನಡುವೆ, ಒಂದು ಹಳದಿ ಕಾಗದ. 'ನೀರುಕಾಗೆಗಳು ಫುಟ್‌ಬಾಲ್ ಕ್ಲಬ್ಬಿಗೆ ಇಬ್ಬರು ಹೊಸ ಸಹಾಯಕ ಕೋಚ್‌ಗಳು ಬೇಕಾಗಿದ್ದಾರೆ. ಹೊಸ ಆಲೋಚನೆ ಇರುವವರು ಮಾತ್ರ ವಿಚಾರಿಸಿ.' ನಾನು ಅಲ್ಲೇ ನಿಂತು ಮೂರು ಸಲ ಓದಿದೆ. ಈಗಿರುವ ಇಬ್ಬರು ಸಹಾಯಕರು ನೀನೂ ಆಂಟೆಯೂ ಅಲ್ಲವೇ? ಮಾಂಸದ ಪೇಸ್ಟಿಯನ್ನು ಚೀಲಕ್ಕೆ ಹಾಕುತ್ತಿದ್ದ ನೊಯೆಲೀನ್ ತಲೆ ಎತ್ತಲಿಲ್ಲ. "ನನ್ನ ಹಾಗೆ ನೋಡ್ಬೇಡಮ್ಮಾ, ಅಂಟಿಸಿದ್ದು ನಾನಲ್ಲ. ರೋಜರ್ ಬಾಗಿಲು ತೆಗಿಯೋ ಹೊತ್ತಿಗೇ ಬಂದು ಅಂಟಿಸ್ದ, ಎರಡು ಕ್ರೀಮ್ ಬನ್ ತಿಂದ, ನಿಮ್ಮಪ್ಪನ ಆರೋಗ್ಯ ಹೇಗಿದೆಯಂತೆ ಅಂತ ಕೇಳ್ದ, ಹೋದ" ಎಂದಳು. ಆರೋಗ್ಯ ವಿಚಾರಿಸಿದನಂತೆ! ಕೆಲಸದಿಂದ ತೆಗೆಯುವ ಕಾಗದ ಅಂಟಿಸಿದ ಅಂಟು ಬೆರಳಲ್ಲಿ ಇನ್ನೂ ಒಣಗಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ನೇರವಾಗಿ ಅವನ ಟ್ರ್ಯಾಕ್ಟರ್ ಅಂಗಡಿಗೇ ಹೋದೆ. ಕ್ಲಬ್ಬಿನ ಅಧ್ಯಕ್ಷ ಮಹಾಶಯ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. "ಬಾ ನೆಲ್, ಕೂತ್ಕೋ. ನೀನು ಬರ್ತೀಯ ಅಂತ ಗೊತ್ತಿತ್ತು" ಎಂದ. ಕೂರಲಿಲ್ಲ. "ಈ ವರ್ಷ ಹನ್ನೊಂದು ಪಂದ್ಯ ಆಡಿದೀವಿ, ಹನ್ನೊಂದೂ ಸೋತಿದೀವಿ. ಏನಾದ್ರೂ ಬದಲಾಯಿಸ್ಲೇಬೇಕಲ್ಲಮ್ಮ?" ಎಂದ. "ಹಾಗಾದ್ರೆ ಅಧ್ಯಕ್ಷರನ್ನ ಬದಲಾಯಿಸಿ, ಅವರೂ ಹನ್ನೊಂದು ಸಲ ಸೋತಿದಾರೆ" ಎಂದೆ. ಅವನಿಗೆ ನಗು ಬಂತು, ನನಗೆ ಬರಲಿಲ್ಲ. "ಮರ್ವ್ ಮೇಲೆ ನನಗೆಷ್ಟು ಗೌರವ ಇದೆ ಗೊತ್ತಾ ನಿನಗೆ? ಮೈದಾನದಲ್ಲಿ ಒಂದು ಬೆಂಚಿಗೆ ಅವರ ಹೆಸರೇ ಇಡೋಣ ಅಂತಿದೀವಿ." ಕೇಳಿದೆಯಾ ಅಪ್ಪ? ಕೂರುವ ಜಾಗ ಕಿತ್ತುಕೊಂಡು, ಆ ಜಾಗಕ್ಕೆ ನಿನ್ನ ಹೆಸರಿಡುತ್ತಾರಂತೆ.

ಸೋಲಿಗೆ ಕಾರಣ ಹುಡುಕಲು ಬೇಕರಿ ಬಾಗಿಲಿಗೆ ಕಾಗದ ಅಂಟಿಸಬೇಕೇ? ಊರಿನಲ್ಲಿ ಒಂದು ಸುತ್ತು ನಡೆದರೆ ಸಾಕು. ಗೋಲು ಹೊಡೆಯುವ ಒಬ್ಬನೇ ಒಬ್ಬ ಟ್ಯೂನಾ ದೋಣಿಯಲ್ಲಿ ವಾರಗಟ್ಟಲೆ ಸಮುದ್ರದ ಮೇಲಿರುತ್ತಾನೆ. ಎತ್ತರದ ಇಬ್ಬರು ಗಣಿ ಕೆಲಸಕ್ಕೆ ಹೋದರು. ಹದಿನೆಂಟು ಜನ ಆಡಬೇಕಾದ ಆಟಕ್ಕೆ ಗುರುವಾರದ ಅಭ್ಯಾಸಕ್ಕೆ ಬರುವವರು ಹನ್ನೊಂದು ಜನ, ಅದರಲ್ಲಿ ಇಬ್ಬರಿಗೆ ಮಂಡಿನೋವು. ಇಷ್ಟರಲ್ಲಿ ಅಡಿಲೇಡಿನಿಂದ ಯಾವ ಮಾಂತ್ರಿಕನನ್ನು ಕರೆಸಿದರೆ ತಾನೇ ತಂಡ ಗೆಲ್ಲುತ್ತದೆ? ನಿನ್ನ ತಪ್ಪೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹಿಂದಿನ ಸಾಲಿನ ಆಟಗಾರರಿಗೆ ನೀನು ಕಲಿಸುವ ಓಟ ನಾನು ಹುಟ್ಟಿದ ವರ್ಷದ್ದು. ಈಗ ಯಾರೂ ಒದೆಯದ ಒದೆತವನ್ನು ಇನ್ನೂ ತಿದ್ದುತ್ತೀಯ. ಆಂಟೆ ಕಲಿಸುವುದು ಏನೆಂದು ಆಂಟೆಗೂ ಗೊತ್ತಿಲ್ಲ, ಕ್ರೊಯೇಷಿಯನ್ ಬೈಗುಳ ಒಂದನ್ನು ಬಿಟ್ಟು. ಆದರೆ ಬರುವುದು ನೀವಿಬ್ಬರು. ಆಲಿಕಲ್ಲು ಬಿದ್ದರೂ ಬರುವುದು ನೀವಿಬ್ಬರು. ಹನ್ನೊಂದು ಜನರ ಮುಂದೆ ನಿಂತು, ಹನ್ನೊಂದು ಜನರನ್ನೂ ಹೆಸರು ಹಿಡಿದು ಕರೆಯುವುದೂ ನೀವೇ. ಅದಕ್ಕಿಂತ ಹೊಸ ಆಲೋಚನೆ ನನಗಂತೂ ಕಂಡಿಲ್ಲ.

ಈಗ ಶನಿವಾರದ ಕಥೆ. ಅಮ್ಮ ಇದನ್ನು ನಿನಗೆ ಹೇಳಿರುವುದಿಲ್ಲ, ನಿನಗೆ ಹೇಳಬೇಡ ಎಂದು ಅವಳನ್ನು ತಡೆದವಳು ನಾನೇ. ನಮ್ಮ ಮೈದಾನದಲ್ಲಿ ಗ್ರೇಶಮ್ ತಂಡದ ಜೊತೆ ಆಟ. ಪಟ್ಟಿಯಲ್ಲಿ ಅವರು ಮೇಲೆ, ನಾವು ಕೆಳಗೆ. ಸಮುದ್ರದ ಗಾಳಿ ಯಾವ ಪುಣ್ಯಕ್ಕೋ ನಮ್ಮ ಕಡೆ ತಿರುಗಿತ್ತು. ಮೂರನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ ನಾವು ಇಪ್ಪತ್ತೇಳು ಅಂಕ ಮುಂದಿದ್ದೆವು! ಗೋಲು ಬಿದ್ದಾಗಲೆಲ್ಲ ಬೇಲಿಯ ಸುತ್ತ ನಿಂತ ಕಾರುಗಳು ಒಟ್ಟಿಗೆ ಹಾರನ್ ಹೊಡೆಯುತ್ತಿದ್ದವು. ಕಾರಿನಲ್ಲಿ ಪದ್ಯದ ಪುಸ್ತಕ ಹಿಡಿದು ಕೂತಿದ್ದ ನಾನೂ ಪುಸ್ತಕ ಬದಿಗಿಟ್ಟು ಹೊಡೆದೆ. ಅಷ್ಟರಲ್ಲಿ ನಮ್ಮ ತಂಡದ ಬ್ರೋಡಿಯ ಮೂಗಿಗೆ ಮೊಣಕೈ ಬಡಿದು ರಕ್ತ ಬಂತು. ಅವನು ಆಚೆ ಕಡೆಯಿಂದ ಹೊರಗೆ ಹೋದ, ಕೋಚ್ ಕಿಮ್ ಅವನ ಬದಲು ಇನ್ನೊಬ್ಬನನ್ನು ಒಳಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಬ್ರೋಡಿ ಮೂಗಿಗೆ ಹತ್ತಿ ತುರುಕಿಕೊಂಡು ಆಚೆ ಕಡೆಯಿಂದಲೇ ಒಳಗೆ ಓಡಿದ. ಯಾರೂ ಹೊರಗೆ ಬರಲಿಲ್ಲ. ನಮ್ಮವರು ಯಾರೂ ನೋಡಲಿಲ್ಲ. ನೋಡಿದವನು ಗ್ರೇಶಮ್ ನಾಯಕ. ಅವನು ಅಂಪೈರ್ ಹತ್ತಿರ ಹೋಗಿ, ತಲೆ ಎಣಿಸಿ ಎಂದ.

ನಿನ್ನ ಜೀವಮಾನದಲ್ಲಿ ನೀನು ಇದನ್ನು ಎಷ್ಟು ಸಲ ನೋಡಿದ್ದೀಯೋ. ನಾನು ನೋಡಿದ್ದು ಇದೇ ಮೊದಲು. ಆಟ ನಿಂತಿತು. ನಮ್ಮ ಹುಡುಗರನ್ನು ಮೈದಾನದ ನಡುವೆ ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದರು. ಅಂಪೈರ್ ಒಬ್ಬೊಬ್ಬನ ಭುಜ ಮುಟ್ಟುತ್ತ ನಡೆದ. ಹದಿನೆಂಟಕ್ಕೆ ಮುಗಿಯಬೇಕಾದ ಸಾಲಿನಲ್ಲಿ ಇನ್ನೊಂದು ಭುಜ ಉಳಿದಿತ್ತು. ಹತ್ತೊಂಬತ್ತನೆಯವನಿದ್ದರೆ ಅಲ್ಲಿಯವರೆಗಿನ ಅಂಕವೆಲ್ಲ ಸೊನ್ನೆ ಎಂಬ ಹಳೆಯ ನಿಯಮ ನಮ್ಮ ಲೀಗಿನಲ್ಲಿ ಇನ್ನೂ ಇದೆ ಎಂಬುದನ್ನೇ ಅರ್ಧ ಜನ ಮರೆತಿದ್ದರು. ಸ್ಕೋರ್ ಬೋರ್ಡಿನ ಮುದುಕ ಏಣಿ ಹತ್ತಿ ನಮ್ಮ ಅಂಕಿಯ ಹಲಗೆಗಳನ್ನು ಒಂದೊಂದಾಗಿ ಕಳಚಿದ. ಯಾವ ಕಾರೂ ಹಾರನ್ ಹೊಡೆಯಲಿಲ್ಲ. ಕೊನೆಗೆ ಅವರು ಐವತ್ತೆಂಟು, ನಾವು ಏಳು. ಹುಡುಗರು ಬೂಟು ಬಿಚ್ಚದೆ ಒಳಗೆ ಕೂತಿದ್ದರು. ಬ್ರೋಡಿ ಅಳುತ್ತಿದ್ದ, ಮೂಗು ನೋಯ್ತಿದೆ ಎಂದು ಎಲ್ಲರಿಗೂ ಹೇಳುತ್ತಿದ್ದ.

ಮೂವತ್ತೊಂದು ವರ್ಷದಿಂದ ನೀನು ಆ ಬೇಲಿಯ ಹತ್ತಿರ ಏನು ಮಾಡುತ್ತಿದ್ದೆ ಎಂಬುದು ಊರಿಗೆ ಅರ್ಥವಾಗಲು ಆ ಒಂದು ಮಧ್ಯಾಹ್ನ ಸಾಕಾಗಬೇಕಿತ್ತು. ಅಮ್ಮನ ಬಟ್ಟೆ ಒಣಗಿಸುವ ಹಗ್ಗದಿಂದ ಕದ್ದ ಇಪ್ಪತ್ತೆರಡು ಮರದ ಕ್ಲಿಪ್ಪು, ಒಂದೊಂದರ ಮೇಲೂ ನಿನ್ನ ಕೈಬರಹದಲ್ಲಿ ಒಬ್ಬೊಬ್ಬನ ಹೆಸರು. ಆಡುವವನ ಕ್ಲಿಪ್ಪು ಬೇಲಿಯ ಮೇಲಿನ ತಂತಿಗೆ, ಹೊರಗಿರುವವನದು ಕೆಳಗಿನ ತಂತಿಗೆ. ಕೆಳಗಿನ ತಂತಿಯಲ್ಲಿರಬೇಕಾದವನು ಮೈದಾನದಲ್ಲಿ ಕಂಡನೋ, ಸಮುದ್ರದವರೆಗೆ ಕೇಳುವ ಹಾಗೆ ನಿನ್ನ ಕೂಗು: "ಯಾರೋ ಅದು, ಕರೀದೇ ಊಟಕ್ಕೆ ಬಂದವನು! ಈಚೆ ಬಾರೋ!" ಜನ ನಗುತ್ತಿದ್ದರು. ಮರ್ವ್ ಬಟ್ಟೆ ಒಗೆಯಲು ಬಂದಿದ್ದಾನೆ ಎನ್ನುತ್ತಿದ್ದರು. ಕಿಮ್ ಅದಕ್ಕೆಂದೇ ಟ್ಯಾಬ್ ತಂದಿದ್ದಾನೆ. ಶನಿವಾರ ಅದರಲ್ಲಿ ಚಾರ್ಜ್ ಇರಲಿಲ್ಲವಂತೆ. ಎಣಿಸುವವನು ಇಲ್ಲದ್ದರಿಂದ ಸೋತ ತಂಡ, ಎಣಿಸುವವನನ್ನೇ ಬೇಡ ಎನ್ನುತ್ತಿದೆ!

ಇದನ್ನೇ ರೋಜರನ ಮುಖದ ಮೇಲೆ ಹೇಳಿದೆ. ಅವನು ಕಾಲು ಕೆಳಗಿಳಿಸಿ ನಿಧಾನವಾಗಿ ಕೇಳಿದ: "ಸರಿ ನೆಲ್. ಅಷ್ಟು ದೊಡ್ಡ ಕೆಲಸ ಆಗಿದ್ರೆ, ಹೋಗೋ ಮುಂಚೆ ಅದನ್ನ ಯಾರಿಗಾದ್ರೂ ಒಪ್ಪಿಸಿ ಹೋಗ್ಬೇಕಿತ್ತಲ್ವಾ ನಿಮ್ಮಪ್ಪ? ಕಿಮ್‌ಗೆ ಒಂದು ಮಾತಿಲ್ಲ, ಒಂದು ಚೀಟಿಯಿಲ್ಲ. ಸಮಿತಿಯವರಿಗೆ ಬೇಜಾರಾಗಿರೋದು ಅದಕ್ಕೇ." ಶಾಲೆಯ ಗಂಟೆಯ ಹೊತ್ತಾಗಿತ್ತು. ನಾನು ಎದ್ದು ಬಂದವಳ ಹಾಗೆ ಬಾಗಿಲು ಹಾಕಿಕೊಂಡು ಬಂದುಬಿಟ್ಟೆ.

ಸಮಿತಿ ಸೇರುವುದು ಗುರುವಾರ ಸಂಜೆ. ಅದಕ್ಕೂ ಮುಂಚೆ ನಿನಗೊಂದು ಲಕೋಟೆ ಬರುತ್ತದೆ. ತುಂಬ ನಯವಾದ ಕಾಗದ: ಆರೋಗ್ಯದ ದೃಷ್ಟಿಯಿಂದ ನೀನೇ ಬಿಡುತ್ತಿದ್ದೀಯ ಎಂದು ಬರೆದು, ಕೆಳಗೆ ನಿನ್ನ ಸಹಿಗೆ ಜಾಗ ಬಿಟ್ಟಿದ್ದಾರಂತೆ. ಅಂಥದೇ ಒಂದು ಆಂಟೆಗೂ ಬಂತು. ಅವನು ಅದನ್ನು ಮೀನು ಸುತ್ತಲು ಉಪಯೋಗಿಸಿ, ಆ ಮೀನನ್ನು ರೋಜರನ ಮನೆಗೇ ಕಳಿಸಿದ. "ನಿಮ್ಮಪ್ಪಂಗೆ ಹೇಳು, ನಾವಿಬ್ರೂ ಹೋದ್ರೆ ಒಟ್ಟಿಗೆ ಹೋಗೋದು, ಇದ್ರೆ ಒಟ್ಟಿಗೆ ಇರೋದು. ಮುದಿ ಕತ್ತೆ ಬೇಗ ವಾಸಿಯಾಗಿ ಬರ್ಲಿ" ಎಂದಿದ್ದಾನೆ. ಬೈಗುಳಗಳನ್ನು ಬಿಟ್ಟು ಬರೆದಿದ್ದೇನೆ, ಅಮ್ಮ ಓದುತ್ತಾಳೆ.

ಬಿಸಿ ಸೂಪು ಕುಡಿ, ಗೋಡೆಯ ಕಡೆ ಮುಖ ಮಾಡಿ ಮಲಗಬೇಡ, ನರ್ಸುಗಳಿಗೆ ಕಣ್ಣಲ್ಲೇ ಗದರಬೇಡ. ಅಮ್ಮನ ಕೆನ್ನೆಗೆ ನನ್ನದೊಂದು ಮುತ್ತು. ಇನ್ನುಳಿದ ಮೂರು ವಾರ ನಿನ್ನ ಗಂಟಲಿಗೆ ಹಗುರವಾಗಿ ಕಳೆಯಲಿ. ಊರಿನ ಗಾಳಿ ನಿನ್ನ ಕೂಗಿಗಾಗಿ ಕಾಯುತ್ತಿದೆ.

ನಿನ್ನ
ನೆಲ್

ಮರೆತದ್ದು: ಮರೆತದ್ದಲ್ಲ. ಅಂಚೆ ಡಬ್ಬಿಯ ಮುಂದೆ ಕಾರು ನಿಲ್ಲಿಸಿಕೊಂಡು, ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. 'ಕಿಮ್ ಕ್ಲಿಪ್ಪುಗಳನ್ನು ಸರಿಯಾಗಿ ಹಾಕುತ್ತಿದ್ದಾನಾ?' ಎಂದು ಕೇಳಿದ್ದೆಯಲ್ಲ. ಕ್ಲಿಪ್ಪಿನ ಚೀಲ ಕಿಮ್‌ಗೆ ತಲುಪಲೇ ಇಲ್ಲ, ಅಪ್ಪ. ಬಸ್ಸು ಹತ್ತುವ ಮುಂಚೆ ನೀನು ಅದನ್ನು ನನ್ನ ಕೈಗೆ ಕೊಟ್ಟು, ಮಾತಾಡಲಾಗದೆ ಚೀಟಿಯಲ್ಲಿ ಬರೆದೆ: 'ಕಿಮ್‌ಗೆ ಕೊಡು. ಮೇಲಿನ ತಂತಿಗೆ ಹದಿನೆಂಟು.' ಮೊದಲ ಶನಿವಾರ ಬೆಂಚಿನವರೆಗೆ ಹೋಗಿದ್ದೆ. ಅಲ್ಲಿದ್ದವರಲ್ಲಿ ಅರ್ಧ ಜನ ನನ್ನ ಹತ್ತಿರ ಪದ್ಯ ಓದಿದವರು. ಎಂ.ಎ. ಮಾಡಿದ ಟೀಚರು ಬಟ್ಟೆ ಕ್ಲಿಪ್ಪಿನ ಚೀಲ ಹಿಡಿದು ಬಂದಳು ಎಂದು ನಗುತ್ತಾರೆ ಅನ್ನಿಸಿತು. ನಾಚಿಕೆಯಾಯಿತು. ನಿನ್ನ ಬಗ್ಗೆ ನಾಚಿಕೆಯಾಯಿತು. ತಿರುಗಿ ಬಂದೆ. ಮೊನ್ನೆ ಶನಿವಾರ ಅಂಪೈರ್ ಎಣಿಸುತ್ತಿದ್ದಾಗ ಚೀಲ ನನ್ನ ಸೀಟಿನ ಕೆಳಗೆ, ಕಾಲಿಗೆ ತಗಲುವಷ್ಟು ಹತ್ತಿರ ಇತ್ತು. ಗುರುವಾರ ಸಮಿತಿಯ ಮುಂದೆ ಆ ಚೀಲವನ್ನೂ ನಿನ್ನ ಚೀಟಿಯನ್ನೂ ಮೇಜಿನ ಮೇಲಿಟ್ಟು, ತಪ್ಪು ಯಾರದೆಂದು ಹೇಳುತ್ತೇನೆ. ಶನಿವಾರ ಬೇಲಿಯ ಹತ್ತಿರ ನಾನೇ ನಿಲ್ಲುತ್ತೇನೆ, ಯಾರು ಬೇಕಾದರೂ ನಗಲಿ. ಕೂಗಲು ಮಾತ್ರ ನನಗೆ ಬರುವುದಿಲ್ಲ, ನೀನು ಬಂದ ಮೇಲೆ ಕಲಿಸಬೇಕು. ಆ ಕಾಗದಕ್ಕೆ ಸಹಿ ಹಾಕಬೇಡ. ಈಗ ಎಣಿಸಿ ನೋಡಿದೆ, ಕ್ಲಿಪ್ಪು ಇಪ್ಪತ್ತೊಂದೇ ಇವೆ, ಬ್ರೋಡಿಯದಿಲ್ಲ. ಅಮ್ಮ ತನ್ನದನ್ನು ವಾಪಸ್ ತೆಗೆದುಕೊಂಡು ಅಲ್ಲಿ ನಿನ್ನ ಟವೆಲ್ ಒಣಹಾಕಿದ್ದಾಳೋ ಏನೋ, ನೋಡಿ, ಈ ಕಾಗದ ಸಿಕ್ಕ ದಿನವೇ ಕಳಿಸು.